ಅಜ್ಜಿಯ ಸಂದೂಕದ ಚಾರ್ಮಿನಾರ್ ರೂಪಾಯಿ

ಪ್ರಶ್ನೆ: ಅಜ್ಜಿ ತೀರಿಕೊಂಡ ಮೇಲೆ ಅವರ ಸಂದೂಕ ತೆಗೆದಾಗ ಬಟ್ಟೆಯ ಗಂಟಿನಲ್ಲಿ 14 ಬೆಳ್ಳಿ ನಾಣ್ಯ ಸಿಕ್ಕವು. 13ರ ಮೇಲೆ ಚಾರ್ಮಿನಾರ್ ಇದೆ, ಒಂದರ ಮೇಲೆ ಬರೀ ಅಕ್ಷರ. ಸರಾಫರು ಕರಗಿಸೋ ಬೆಳ್ಳಿಯ ರೇಟು ಹೇಳ್ತಾರೆ. ಫೋನಿನಲ್ಲಿ ಒಬ್ಬರು ಒಂದೊಂದಕ್ಕೆ ಲಕ್ಷ ಕೊಡಿಸ್ತೀನಿ, ಮೊದಲು ನೋಂದಣಿ ಫೀಸು ಕಳಿಸಿ ಅಂದರು. ಎಲ್ಲಾ ಕಪ್ಪಾಗಿವೆ, ಹುಣಸೆಹಣ್ಣು ಹಚ್ಚಿ ತಿಕ್ಕಲೇ?
– ಓದುಗರು, ಹುಮನಾಬಾದ್

ಉತ್ತರ: ಹುಣಸೆಹಣ್ಣು ಅಡುಗೆಮನೆಯಲ್ಲೇ ಇರಲಿ. ತಿಕ್ಕಿದ ನಾಣ್ಯ ಹೊಳೆಯುತ್ತದೆ ನಿಜ, ಆದರೆ ಸಂಗ್ರಹಕಾರರು ಕೈಯಲ್ಲಿ ಹಿಡಿದ ಕೂಡಲೇ ಗೀರು ಕಂಡು ಬೆಲೆ ಅರ್ಧಕ್ಕಿಳಿಸುತ್ತಾರೆ. ಆ ಕಪ್ಪು ಹಾಗೇ ಇರಲಿ.

ಫೀಸು ಕೇಳಿದವರಿಗೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ಹಳೇ ನಾಣ್ಯದ ವ್ಯವಹಾರಕ್ಕೆ ನಾವು ಯಾರಿಂದಲೂ ಶುಲ್ಕ, ಕಮಿಷನ್ ಕೇಳುವುದಿಲ್ಲ ಎಂದು ರಿಸರ್ವ್ ಬ್ಯಾಂಕೇ 2021ರಲ್ಲಿ ಪ್ರಕಟಣೆ ಹೊರಡಿಸಿದೆ.

ನಿಮ್ಮ 13 ನಾಣ್ಯ ಹೈದರಾಬಾದ್ ನಿಜಾಮರ ಹಾಲಿ ಸಿಕ್ಕಾ, ಅಂದರೆ ಅವರ ಸಂಸ್ಥಾನದ ಸ್ವಂತ ನಾಣ್ಯ. ನಮ್ಮ ಕಡೆ ಹಿರಿಯರು ‘ಹಾಲಿ ರೂಪಾಯಿ’, ‘ಕಲ್ದಾರ ರೂಪಾಯಿ’ ಅಂತ ಬೇರೆ ಬೇರೆ ಲೆಕ್ಕ ಇಡುತ್ತಿದ್ದರು. ಏಳು ಹಾಲಿ ಕೊಟ್ಟರೆ ಬ್ರಿಟಿಷರ ಆರು ಕಲ್ದಾರ. 1940ರ ದಶಕಕ್ಕಿಂತ ಹಿಂದಿನದಾದರೆ ಒಂದರ ತೂಕ ಸುಮಾರು 11.18 ಗ್ರಾಂ, ಅದರಲ್ಲಿ ಬೆಳ್ಳಿ ಶೇ 81.8, ಅಂದರೆ ಒಂಬತ್ತು ಗ್ರಾಂ ಚಿಲ್ಲರೆ. ಸರಾಫರು ಹೇಳುವುದು ಇಷ್ಟರ ಬೆಲೆಯನ್ನು. ಚಾರ್ಮಿನಾರ್ ರೂಪಾಯಿ ಲೆಕ್ಕವಿಲ್ಲದಷ್ಟು ಅಚ್ಚಾಗಿವೆ. ಸವೆದದ್ದಕ್ಕೆ ಬೆಳ್ಳಿಯ ಬೆಲೆಗಿಂತ ಸ್ವಲ್ಪವೇ ಹೆಚ್ಚು ಸಿಕ್ಕೀತು, ಲಕ್ಷದ ಮಾತು ಬಿಡಿ.

ಹಾಗಂತ ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಭೂತಗನ್ನಡಿ ಹಿಡಿದು ಚಾರ್ಮಿನಾರಿನ ಬಾಗಿಲೊಳಗೆ ನೋಡಿ. ಅಲ್ಲಿ ಒಂದು ಪುಟ್ಟ ಉರ್ದು ಅಕ್ಷರ ಅಡಗಿದೆ. ‘ಮೀಮ್’ ಇದ್ದರೆ ನಿಜಾಮ ಮಹಬೂಬ್ ಅಲಿ ಖಾನರ ಕಾಲದ್ದು, 3 ಎಂಬ ಅಂಕಿಯನ್ನು ಹಿಂದುಮುಂದಾಗಿ ಬರೆದಂತಿರುವ ‘ಐನ್’ ಇದ್ದರೆ 1911ರಲ್ಲಿ ಪಟ್ಟಕ್ಕೆ ಬಂದ ಉಸ್ಮಾನ್ ಅಲಿ ಖಾನರದ್ದು. ಉಸ್ಮಾನರ ಮೊದಮೊದಲ ನಾಣ್ಯಗಳಲ್ಲಿ ಈ ಐನ್ ಪೂರ್ತಿ ಇರುವುದಿಲ್ಲ, ಅರ್ಧವೇ ಇರುತ್ತದೆ. ಸಂಗ್ರಹಕಾರರು ಹುಡುಕುವುದು ಅಂಥದ್ದನ್ನು. ಇಸವಿ ಹಿಜರಿ ಲೆಕ್ಕದ್ದು, ಅರಬ್ಬಿ ಅಂಕಿಯಲ್ಲಿ. 92 ಅಂತ ಕಂಡರೆ ಅದನ್ನು ಇಸವಿ ಅಂತ ಓದಬೇಡಿ (ಬಹಳ ಜನ ಓದುತ್ತಾರೆ!), ಅದು ಮುಹಮ್ಮದ್ ಎಂಬ ಹೆಸರಿನ ಒಂದೊಂದು ಅಕ್ಷರಕ್ಕೂ ಅರಬ್ಬಿಯಲ್ಲಿ ಇರುವ ಸಂಖ್ಯೆಗಳನ್ನು ಕೂಡಿದ ಮೊತ್ತ.

ನನಗೆ ಕುತೂಹಲ ಇರುವುದು ಆ ಹದಿನಾಲ್ಕನೆಯದರ ಮೇಲೆ. ಅದು ಚಾರ್ಮಿನಾರಿಗೂ ಮುಂಚಿನ ನಿಜಾಮ್ ರೂಪಾಯಿ ಇರಬಹುದು. ಅದೃಷ್ಟವಿದ್ದರೆ ಬಹಮನಿ ಸುಲ್ತಾನರ ಬೆಳ್ಳಿ ನಾಣ್ಯ ‘ಟಂಕ’ವೂ ಆಗಿರಬಹುದು, ಅದರ ತೂಕವೂ ಹನ್ನೊಂದು ಗ್ರಾಂ ಆಸುಪಾಸೇ. ಉರ್ದು ಬಲ್ಲವರಿಗೆ ತೋರಿಸಿ ‘ಅಹ್ಸನಾಬಾದ್’ ಇದೆಯಾ ಕೇಳಿ; ಅದು ನಮ್ಮ ಕಲಬುರಗಿ. ‘ಮುಹಮ್ಮದಾಬಾದ್’ ಇದ್ದರೆ ನಿಮ್ಮ ಬೀದರ್ ಟಂಕಸಾಲೆಯದ್ದು. ಅಂಚಿನ ಸುತ್ತ ಜೋಡಿಸಿದ ಗೆರೆ ಕಂಡರೆ ಎರಕದ ನಕಲಿ. ಎರಡೂ ಬದಿಯ ಫೋಟೊ ತೆಗೆದು ತೂಕ ಬರೆದು ಕಳಿಸಿ. ಅಲ್ಲಿಯವರೆಗೆ ಅದನ್ನೊಂದನ್ನು ಬೇರೆ ಕಾಗದದಲ್ಲಿ ಸುತ್ತಿಡಿ.