ಗೇರ್ ಬಿಡುವ ಹಳೆಯ ಟ್ರ್ಯಾಕ್ಟರ್: ಬಿಚ್ಚುವ ಮೊದಲು ನೋಡಬೇಕಾದದ್ದು

ಪ್ರಶ್ನೆ: ನಮ್ಮದು ಅಣ್ಣಿಗೇರಿ ಹತ್ತಿರದ ಎರೆ ಹೊಲ. ನಾಲ್ಕು ವರ್ಷಗಳ ಹಿಂದೆ 35 ಎಚ್‌ಪಿಯ ಹಳೆಯ ಟ್ರ್ಯಾಕ್ಟರ್ ಕೊಂಡಿದ್ದೇವೆ. ಮುಖ್ಯ ಗೇರ್ ಲಿವರಿನಲ್ಲಿ ಮೂರು ಮುಂದಿನ ಗೇರು, ಒಂದು ರಿವರ್ಸ್ ಇದ್ದು, ಪಕ್ಕದಲ್ಲಿ ಹೈ–ಲೋ ಲಿವರ್ ಬೇರೆ ಇದೆ. ಈಗ ಎರಡನೇ ಗೇರ್ ತಾನಾಗಿಯೇ ಬಿಟ್ಟುಕೊಂಡು ನ್ಯೂಟ್ರಲ್‌ಗೆ ಬರುತ್ತಿದೆ. ಉಳ್ಳಾಗಡ್ಡಿ ಹೇರಿದ ಟ್ರೇಲರ್ ಎಳೆಯುವಾಗ ಇದು ಹೆಚ್ಚು. ನಮ್ಮ ಡ್ರೈವರ್ ಲಿವರಿಗೆ ಟ್ಯೂಬ್ ಕಟ್ಟಿ ಎಳೆದು ನಿಲ್ಲಿಸಿದ್ದಾನೆ. ಗೇರ್ ಹಾಕುವಾಗ ಕರಕರ ಸದ್ದು ಮೊದಲಿನಿಂದಲೂ ಇದೆ, ಕ್ಲಚ್ ಪೆಡಲ್ ಮೂರು ಅಂಗುಲ ಸುಮ್ಮನೆ ಇಳಿಯುತ್ತದೆ. ಒಬ್ಬ ಮಿಸ್ತ್ರಿ ಕ್ಲಚ್ ಪ್ಲೇಟ್ ಬದಲಿಸಿ ಎನ್ನುತ್ತಾರೆ, ಇನ್ನೊಬ್ಬರು ಗೇರ್‌ಬಾಕ್ಸ್ ಪೂರ್ತಿ ಬಿಚ್ಚಬೇಕು ಎನ್ನುತ್ತಾರೆ. ಹೆಸರಿನ ಕೊಯ್ಲು ಮುಗಿದಿದೆ, ಹಿಂಗಾರಿ ಬಿತ್ತನೆಗೆ ಹೆಚ್ಚು ದಿನ ಉಳಿದಿಲ್ಲ. ಯಾರ ಮಾತು ಕೇಳಬೇಕು?

ಉತ್ತರ: ಮೊದಲಿಗೆ ಆ ಟ್ಯೂಬನ್ನು ಇಂದೇ ಬಿಚ್ಚಿಸಿ, ಗೇರ್ ಸರಿಯಾಗುವವರೆಗೆ ಟ್ರೇಲರ್ ಕಟ್ಟಿಕೊಂಡು ರಸ್ತೆಗೆ ಹೋಗುವುದನ್ನು ನಿಲ್ಲಿಸಿ. ಇಳಿಜಾರಿನಲ್ಲಿ ಹೇರು ಹೊತ್ತ ಟ್ರೇಲರನ್ನು ತಡೆದು ಹಿಡಿಯುವುದು ಬ್ರೇಕ್ ಮಾತ್ರವಲ್ಲ, ಗೇರಿನಲ್ಲಿರುವ ಎಂಜಿನ್ ಕೂಡ. ಗೇರ್ ಬಿಟ್ಟ ಕ್ಷಣದಲ್ಲಿ ಆ ಹಿಡಿತ ಪೂರ್ತಿ ಹೋಗುತ್ತದೆ, ಹಿಂದಿನಿಂದ ಟ್ರೇಲರ್ ತಳ್ಳುತ್ತದೆ, ಗೇರುಗಳೇ ಸರಿದು ಹಲ್ಲಿಗೆ ಹಲ್ಲು ಕೂಡುವ ಸ್ಲೈಡಿಂಗ್ ಮೆಷ್ ಗೇರ್‌ಬಾಕ್ಸ್ ಆದ್ದರಿಂದ ಓಡುವ ಟ್ರ್ಯಾಕ್ಟರಿನಲ್ಲಿ ಗೇರನ್ನು ಮತ್ತೆ ಕೂರಿಸಲಿಕ್ಕೂ ಆಗುವುದಿಲ್ಲ. ಟ್ಯೂಬ್ ಕಟ್ಟುವುದರಿಂದ ಇನ್ನೊಂದು ಹಾನಿಯೂ ಇದೆ. ಲಿವರನ್ನು ಸದಾ ಒಂದೇ ಕಡೆಗೆ ಎಳೆದು ಹಿಡಿದಾಗ ಒಳಗೆ ಗೇರನ್ನು ಸರಿಸುವ ಫೋರ್ಕ್ ತಿರುಗುವ ಗೇರಿನ ತೋಡಿಗೆ ಒತ್ತಿಕೊಂಡೇ ಉಜ್ಜುತ್ತದೆ. ಒಂದು ಹಂಗಾಮಿನಲ್ಲಿ ಫೋರ್ಕಿನ ತುದಿ ಕತ್ತಿಯ ಅಲಗಿನಷ್ಟು ತೆಳುವಾಗಿ ಸವೆದದ್ದನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ.

ಇನ್ನು ನಿಮ್ಮ ಪ್ರಶ್ನೆ. ಇಬ್ಬರು ಮಿಸ್ತ್ರಿಗಳು ಹೇಳಿದ್ದರಲ್ಲೂ ಸತ್ಯವಿದೆ, ಆದರೆ ಇಬ್ಬರೂ ಅರ್ಧ ಅರ್ಧ ಹೇಳಿದ್ದಾರೆ. ನೀವು ಬರೆದ ವಿವರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಗೇರ್ ಬಿಡುವ ವಿಷಯವಲ್ಲ, ಪೆಡಲ್ ಮೂರು ಅಂಗುಲ ಸುಮ್ಮನೆ ಇಳಿಯುತ್ತದೆ ಎಂಬ ಮಾತು. ಬಹಳಷ್ಟು ಟ್ರ್ಯಾಕ್ಟರುಗಳಲ್ಲಿ ಈ ಸಡಿಲು ಸುಮಾರು 25 ಮಿಲಿಮೀಟರ್, ಅಂದರೆ ಒಂದು ಅಂಗುಲದ ಆಸುಪಾಸಿನಲ್ಲಿರಬೇಕು. ನಿಮ್ಮ ಮಾದರಿಯ ನಿಖರ ಅಳತೆ ಕೈಪಿಡಿಯಲ್ಲಿರುತ್ತದೆ. ಪೆಡಲಿನ ಪಿನ್ನು, ಯೋಕ್, ರಾಡು ಸವೆದು ಸಡಿಲು ಹೆಚ್ಚಾದಾಗ, ಪೆಡಲನ್ನು ತಳಕ್ಕೆ ಒತ್ತಿದರೂ ಕ್ಲಚ್ ಪೂರ್ತಿ ಬಿಡುವುದಿಲ್ಲ. ಗೇರ್‌ಬಾಕ್ಸಿನೊಳಗಿನ ಶಾಫ್ಟ್ ತಿರುಗುತ್ತಲೇ ಇರುವಾಗ ಡ್ರೈವರ್ ಗೇರ್ ಹಾಕುತ್ತಾನೆ, ತಿರುಗುವ ಹಲ್ಲಿಗೆ ನಿಂತ ಹಲ್ಲು ಬಡಿಯುತ್ತದೆ. ನೀವು ಮೊದಲಿನಿಂದಲೂ ಕೇಳುತ್ತಿರುವ ಕರಕರ ಸದ್ದು ಅದೇ. ಹೀಗೆ ಬಡಿದು ಬಡಿದು ಹಲ್ಲಿನ ತುದಿ ಚಕ್ಕೆ ಏಳುತ್ತದೆ, ಆಮೇಲೆ ಹಲ್ಲು ಓರೆಯಾಗಿ ಸವೆಯುತ್ತದೆ. ಓರೆಯಾದ ಹಲ್ಲಿನ ಮೇಲೆ ಭಾರ ಬಿದ್ದಾಗ ಅದು ತನ್ನ ಜೊತೆಯ ಗೇರನ್ನು ಬೆಣೆಯಂತೆ ಪಕ್ಕಕ್ಕೆ ತಳ್ಳುತ್ತದೆ, ಗೇರ್ ಬಿಡುತ್ತದೆ. ಆದ್ದರಿಂದ ಕ್ಲಚ್ಚಿನ ದೋಷ ಮೊದಲು ಹುಟ್ಟಿದ್ದು, ಗೇರಿನ ದೋಷ ಅದರಿಂದ ಬಂದದ್ದು ಎಂಬುದು ನನ್ನ ಅಂದಾಜು. ಕ್ಲಚ್ ಸರಿಪಡಿಸದೆ ಹೊಸ ಗೇರ್ ಹಾಕಿಸಿದರೆ ಆ ಹೊಸ ಗೇರಿಗೂ ಇದೇ ಗತಿ ಬರುತ್ತದೆ.

ಅಂದಾಜನ್ನು ಖಚಿತ ಮಾಡಿಕೊಳ್ಳಲು ಪಾನಾ ಬೇಕಾಗಿಲ್ಲ. ಸಮತಟ್ಟಾದ ಜಾಗದಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿ, ಹಿಂದೆ ಮುಂದೆ ಯಾರೂ ಇಲ್ಲದಂತೆ ನೋಡಿಕೊಂಡು, ಎಂಜಿನ್ ನಿಧಾನಗತಿಯಲ್ಲಿ ಓಡುತ್ತಿರುವಾಗ ಕ್ಲಚ್ ಪೂರ್ತಿ ಒತ್ತಿ, ಹತ್ತು ಎಣಿಸುವವರೆಗೆ ಕಾಯಿರಿ. ಆಮೇಲೆ ರಿವರ್ಸ್ ಗೇರನ್ನು ಮೆಲ್ಲಗೆ ಹಾಕಿ. ಸದ್ದಿಲ್ಲದೆ ಕೂತರೆ ಕ್ಲಚ್ ಸರಿಯಾಗಿಯೇ ಬಿಡುತ್ತಿದೆ, ತಪ್ಪಿರುವುದು ಡ್ರೈವರನ ಅವಸರದಲ್ಲಿ. ಲಾರಿಯಲ್ಲಿ ಬದಲಿಸಿದಂತೆ ಓಡುತ್ತಲೇ ಗೇರ್ ಬದಲಿಸುವ ಅಭ್ಯಾಸ ಇಂಥ ಟ್ರ್ಯಾಕ್ಟರಿಗೆ ಒಗ್ಗುವುದಿಲ್ಲ. ಹತ್ತು ಎಣಿಸಿದ ಮೇಲೂ ಕರಕರ ಎಂದರೆ ಕ್ಲಚ್ ಬಿಡುತ್ತಿಲ್ಲ ಎಂದು ತಿಳಿಯಿರಿ. ಆಗ ಮೊದಲು ಪೆಡಲಿನ ರಾಡಿನ ನಟ್ಟು ತಿರುಗಿಸಿ ಸಡಿಲನ್ನು ಸರಿಯಾದ ಅಳತೆಗೆ ತಂದು ಮತ್ತೊಮ್ಮೆ ಪರೀಕ್ಷಿಸಿ. ಅನೇಕ ಸಲ ಇಷ್ಟಕ್ಕೇ ಕರಕರ ನಿಲ್ಲುತ್ತದೆ, ಪ್ಲೇಟ್ ಬದಲಿಸುವ ಖರ್ಚೇ ಬರುವುದಿಲ್ಲ.

ಪ್ಲೇಟ್ ನಿಜವಾಗಿ ಸವೆದಿದ್ದರೆ ಲಕ್ಷಣವೇ ಬೇರೆ. ಎಂಜಿನ್ ಏರುತ್ತದೆ, ಟ್ರ್ಯಾಕ್ಟರ್ ಎಳೆಯುವುದಿಲ್ಲ, ಸುಟ್ಟ ವಾಸನೆ ಬರುತ್ತದೆ. ನೀವು ಇವುಗಳಲ್ಲಿ ಒಂದನ್ನೂ ಬರೆದಿಲ್ಲ.

ಎರಡನೆಯದು ಹೈ–ಲೋ ಲಿವರಿನ ಪರೀಕ್ಷೆ. ನಿಮ್ಮ ವಿವರ ನೋಡಿದರೆ ಇದು 1950ರ ದಶಕದ ಮ್ಯಾಸಿ ಫರ್ಗ್ಯುಸನ್ 35ರಿಂದ ಬಂದ ವಿನ್ಯಾಸದ ಗೇರ್‌ಬಾಕ್ಸ್. ಮುಂದೆ ಮೂರು ಗೇರು ಮತ್ತು ರಿವರ್ಸ್, ಅವುಗಳ ಹಿಂದೆ ವೇಗವನ್ನು ಇಳಿಸುವ ಎಪಿಸೈಕ್ಲಿಕ್ ಘಟಕ, ಎರಡೂ ಸೇರಿ ಒಟ್ಟು ಆರು ಮುಂದಿನ ವೇಗ, ಎರಡು ಹಿಂದಿನ ವೇಗ. ಖಾಲಿ ಹೊಲದಲ್ಲಿ ಕಲ್ಟಿವೇಟರ್ ಇಳಿಸಿ, ಎರಡನೇ ಗೇರನ್ನು ಒಮ್ಮೆ ಹೈನಲ್ಲಿ, ಒಮ್ಮೆ ಲೋನಲ್ಲಿ ಓಡಿಸಿ ನೋಡಿ. ಮುಖ್ಯ ಲಿವರ್ ಎರಡರಲ್ಲೂ ಜಿಗಿದರೆ ದೋಷ ಎರಡನೇ ಗೇರಿನ ಹಲ್ಲಿನಲ್ಲಿ, ಫೋರ್ಕಿನಲ್ಲಿ ಅಥವಾ ಫೋರ್ಕಿನ ರಾಡನ್ನು ಹಿಡಿದು ನಿಲ್ಲಿಸುವ ಸ್ಪ್ರಿಂಗಿನಲ್ಲಿದೆ. ಮುಖ್ಯ ಲಿವರ್ ಕದಲದೆ ಹೈ–ಲೋ ಲಿವರ್ ಜಿಗಿಯುತ್ತಿದ್ದರೆ ಎರಡನೇ ಗೇರಿಗೆ ಕೈ ಹಾಕುವುದೇ ಬೇಡ, ಕೆಲಸವಿರುವುದು ಹಿಂದಿನ ಘಟಕದಲ್ಲಿ ಹೈ–ಲೋ ಬದಲಿಸುವ ಕಪ್ಲರಿನಲ್ಲಿ. ಒಂದಲ್ಲ, ಎಲ್ಲ ಗೇರುಗಳೂ ಬಿಡುತ್ತಿದ್ದರೆ ಶಾಫ್ಟಿನ ಬೇರಿಂಗ್ ಸವೆದು ಶಾಫ್ಟ್ ಹಿಂದೆಮುಂದೆ ಸರಿಯುತ್ತಿದೆಯೇ, ಹೌಸಿಂಗುಗಳನ್ನು ಜೋಡಿಸುವ ಬೋಲ್ಟು ಸಡಿಲವಾಗಿವೆಯೇ ಎಂದು ನೋಡಬೇಕಾಗುತ್ತದೆ.

ಸ್ಪ್ರಿಂಗಿನ ಮಾತು ಬಂದದ್ದರಿಂದ ಒಂದು ಅನುಭವ ಹೇಳುತ್ತೇನೆ. ನವಲಗುಂದ ಕಡೆಯಿಂದ ಹುಬ್ಬಳ್ಳಿಯ ನಮ್ಮ ಶೆಡ್ಡಿಗೆ ಇದೇ ದೂರಿನ ಟ್ರ್ಯಾಕ್ಟರೊಂದು ಬಂದಿತ್ತು, ಬೇರೆಡೆ ಗೇರ್‌ಬಾಕ್ಸ್ ಪೂರ್ತಿ ಬಿಚ್ಚಲು ಮಾತಾಗಿತ್ತು. ಮೇಲಿನ ಮುಚ್ಚಳ ಮಾತ್ರ ತೆಗೆದು ನೋಡಿದಾಗ ರಾಡಿನ ಗುಳಿಯಲ್ಲಿ ಕೂರಬೇಕಾದ ಗುಂಡಿನ ಮೇಲಿನ ಸ್ಪ್ರಿಂಗ್ ಎರಡು ತುಂಡಾಗಿತ್ತು. ಗೇರಿನ ಹಲ್ಲುಗಳ ಮೇಲೆ ಬೆರಳಾಡಿಸಿದರೆ ಅಂಚು ಚೂಪಾಗಿಯೇ ಇತ್ತು. ಹೊಸ ಸ್ಪ್ರಿಂಗ್ ಹಾಕಿದೆವು, ಅದೇ ದಿನ ಸಂಜೆ ಟ್ರ್ಯಾಕ್ಟರ್ ಊರಿಗೆ ಹೋಯಿತು. ನಿಮ್ಮದೂ ಹಾಗೆಯೇ ಮುಗಿಯುತ್ತದೆ ಎಂದು ಭರವಸೆ ಕೊಡಲಾರೆ, ಏಕೆಂದರೆ ವರ್ಷಗಟ್ಟಲೆ ಕರಕರ ಕೇಳಿದ ಗೇರಿನ ಹಲ್ಲು ಅಷ್ಟು ಚೆನ್ನಾಗಿ ಉಳಿದಿರುವುದು ಅಪರೂಪ. ಆದರೂ ಮುಚ್ಚಳ ತೆಗೆದು ನೋಡುವುದು ಎರಡು ಮೂರು ಗಂಟೆಯ ಕೆಲಸ. ಅದನ್ನು ಮಾಡದೆ ಟ್ರ್ಯಾಕ್ಟರನ್ನು ನಡುವಿನಲ್ಲಿ ಎರಡು ಭಾಗ ಮಾಡಲು ಒಪ್ಪಬೇಡಿ.

ಮುಚ್ಚಳ ತೆಗೆಯುವ ಮೊದಲು ಎಣ್ಣೆಯನ್ನೂ ಓದಬೇಕು. ರಾತ್ರಿಯಿಡೀ ನಿಂತ ಟ್ರ್ಯಾಕ್ಟರಿನ ಕೆಳಗಿನ ಡ್ರೈನ್ ಬೋಲ್ಟನ್ನು ಬೆಳಿಗ್ಗೆ ಸ್ವಲ್ಪ ಮಾತ್ರ ಸಡಿಲಿಸಿ, ಕೆಳಗೆ ಸ್ವಚ್ಛವಾದ ಪರಾತ ಹಿಡಿಯಿರಿ. ನೀರು ಎಣ್ಣೆಗಿಂತ ಭಾರವಾದ್ದರಿಂದ, ಒಳಗೆ ಸೇರಿದ್ದರೆ ಮೊದಲು ಅದೇ ಹೊರಬರುತ್ತದೆ. ಗೇರ್ ಲಿವರಿನ ಬುಡದ ರಬ್ಬರ್ ಹರಿದಿದ್ದರೆ ಮಳೆಯಲ್ಲಿ ನಿಂತಾಗ, ಪೈಪು ಹಿಡಿದು ತೊಳೆಯುವಾಗ ನೀರು ಇಳಿಯುವುದು ಅಲ್ಲಿಂದಲೇ. ನೀರು ಬೆರೆತು ಕದಡಿದ ಎಣ್ಣೆ ಮಜ್ಜಿಗೆಯಂತೆ ಬೆಳ್ಳಗಾಗುತ್ತದೆ. ಅಂಥ ಎಣ್ಣೆಯನ್ನು ಪೂರ್ತಿ ತೆಗೆಯಲೇಬೇಕು, ಏಕೆಂದರೆ ಈ ವಿನ್ಯಾಸದಲ್ಲಿ ಗೇರ್‌ಬಾಕ್ಸ್, ಡಿಫರೆನ್ಶಿಯಲ್, ಹೈಡ್ರಾಲಿಕ್ ಪಂಪ್ ಮೂರಕ್ಕೂ ಒಂದೇ ಎಣ್ಣೆ. ಬೋಲ್ಟಿನ ಅಯಸ್ಕಾಂತಕ್ಕೆ ಅಂಟಿದ್ದನ್ನು ಬೆರಳಿನಿಂದ ತೆಗೆದು ಉಜ್ಜಿ ನೋಡಿ, ಬೋಲ್ಟಿನಲ್ಲಿ ಅಯಸ್ಕಾಂತ ಇಲ್ಲದಿದ್ದರೆ ಹಳೆಯ ಸ್ಪೀಕರಿನದೊಂದನ್ನು ಎಣ್ಣೆಯಲ್ಲಿ ಆಡಿಸಿ. ಕಾಡಿಗೆಯಂತೆ ನುಣ್ಣಗಿನ ಬೂದುಬಣ್ಣದ ಕೆಸರು ಸಹಜವಾದ ಸವೆತ, ಅದಕ್ಕೆ ಹೆದರಬೇಕಾಗಿಲ್ಲ. ಜೋಳದ ಕಾಳಿನಷ್ಟು ದಪ್ಪದ, ಒಡೆದ ಮುಖ ಹರಳುಹರಳಾಗಿ ಹೊಳೆಯುವ ಚೂರು ಗೇರಿನ ಹಲ್ಲಿನದು. ತೆಳ್ಳಗೆ ಅಭ್ರಕದಂತೆ ಸಿಪ್ಪೆಸಿಪ್ಪೆಯಾಗಿ ಸಿಕ್ಕರೆ ಬೇರಿಂಗ್ ಏಳುತ್ತಿದೆ ಎಂದು ತಿಳಿಯಿರಿ. ಹಳದಿ ಪುಡಿ ಅಯಸ್ಕಾಂತಕ್ಕೆ ಹತ್ತುವುದಿಲ್ಲ, ಪರಾತದ ತಳದಲ್ಲಿ ಬಿಸಿಲಿಗೆ ಹಿಡಿದರೆ ಮಿನುಗುತ್ತದೆ. ಅದು ಬುಷ್ ಅಥವಾ ವಾಷರಿನದು. ಈ ಚೂರುಗಳನ್ನು ಕಾಗದದಲ್ಲಿ ಕಟ್ಟಿಟ್ಟುಕೊಂಡು ಮಿಸ್ತ್ರಿಗೆ ತೋರಿಸಿ.

ಹಲ್ಲು ಸವೆದದ್ದು ಖಚಿತವಾಗಿ ಬಿಚ್ಚುವುದೇ ಆದರೆ, ಒಂದಕ್ಕೊಂದು ಕೂಡುವ ಎರಡೂ ಗೇರುಗಳನ್ನು ಜೊತೆಯಾಗಿಯೇ ಬದಲಿಸಿ. ಹಳೆಯ ಹಲ್ಲಿನ ಜೊತೆ ಹೊಸ ಹಲ್ಲು ಬಾಳುವುದಿಲ್ಲ. ಫೋರ್ಕು, ಸ್ಪ್ರಿಂಗು, ಸೀಲುಗಳನ್ನೂ, ಸಡಿಲಾದ ಬೇರಿಂಗುಗಳನ್ನೂ ಅದೇ ಸಲ ಮುಗಿಸಿ. ಕ್ಲಚ್ ಕಡೆಯಿಂದ ಟ್ರ್ಯಾಕ್ಟರ್ ಬೇರ್ಪಡಿಸಿದ್ದರೆ ರಿಲೀಸ್ ಬೇರಿಂಗನ್ನೂ ಫ್ಲೈವೀಲಿನ ನಡುವಿನ ಪೈಲಟ್ ಬೇರಿಂಗನ್ನೂ ಬದಲಿಸದೆ ಮುಚ್ಚಬಾರದು. ಮುಂದಿನ ಆಕ್ಸಲ್ ನಡುವಿನ ಪಿನ್ನಿನ ಮೇಲೆ ತೂಗಾಡುವಂಥದ್ದು, ಎರಡೂ ಬದಿಗೆ ಮರದ ಬೆಣೆ ಬಡಿಯದೆ ಬೇರ್ಪಡಿಸಿದರೆ ಎಂಜಿನ್ ಪಕ್ಕಕ್ಕೆ ವಾಲುತ್ತದೆ. ಕೆಲಸ ಮಾಡುವವರ ಕೈಕಾಲಿನ ಪ್ರಶ್ನೆ ಇದು, ಜ್ಯಾಕ್ ಒಂದನ್ನೇ ನಂಬಿ ಕೆಳಗೆ ನುಸುಳಲು ಯಾರಿಗೂ ಬಿಡಬೇಡಿ. ಬಿತ್ತನೆಗೆ ಮೊದಲು ಇದೆಲ್ಲ ಆಗದಿದ್ದರೆ, ಎರಡನೇ ಗೇರನ್ನು ಮುಟ್ಟದೆ ಉಳಿದ ಗೇರುಗಳಲ್ಲಿ ಕೂರಿಗೆಯ ಕೆಲಸ ಮಾತ್ರ ಮುಗಿಸಿಕೊಂಡು, ಕಡಲೆ ಮೊಳೆತ ಮೇಲೆ ಬಿಚ್ಚಿಸಬಹುದು. ಆದರೆ ಎಣ್ಣೆಯಲ್ಲಿ ಹಲ್ಲಿನ ಚೂರು ಸಿಕ್ಕಿದ್ದರೆ ಹಾಗೆ ಓಡಿಸಬೇಡಿ. ಸಡಿಲ ಚೂರೊಂದು ಎರಡು ಗೇರುಗಳ ನಡುವೆ ಸಿಕ್ಕಿದರೆ ಹೌಸಿಂಗೇ ಒಡೆಯಬಹುದು.

ಪ್ರಶ್ನೆ: ಬ್ಯಾಡಗಿಯಿಂದ ಬರೆಯುತ್ತಿದ್ದೇನೆ. ನಮ್ಮ ಟ್ರ್ಯಾಕ್ಟರಿನ ಕ್ಲಚ್ ಹೌಸಿಂಗಿನ ಕೆಳಗಿನ ತೂತಿನಿಂದ ಎಣ್ಣೆ ಹನಿಯುತ್ತದೆ. ಆ ತೂತಿಗೆ ಎಂಸೀಲ್ ಹಚ್ಚಿ ಮುಚ್ಚಬಹುದೇ?

ಉತ್ತರ: ದಯವಿಟ್ಟು ಮುಚ್ಚಬೇಡಿ. ಒಳಗೆ ಸೋರಿದ ಎಣ್ಣೆ ಹೊರಹೋಗಲೆಂದೇ ಆ ತೂತನ್ನು ಬಿಟ್ಟಿರುತ್ತಾರೆ, ಅದರಲ್ಲಿ ಜೋತಾಡುವ ಸ್ಪ್ಲಿಟ್ ಪಿನ್ ಇರುವುದೂ ಮಣ್ಣು ಕಟ್ಟಿಕೊಳ್ಳದಿರಲೆಂದು. ಮುಚ್ಚಿದರೆ ಎಣ್ಣೆ ಒಳಗೇ ತುಂಬಿ ಕ್ಲಚ್ ಪ್ಲೇಟಿಗೆ ತಾಗುತ್ತದೆ, ಆಗ ಚೆನ್ನಾಗಿದ್ದ ಪ್ಲೇಟೂ ಜಾರತೊಡಗುತ್ತದೆ. ಹನಿಯನ್ನು ಬಿಳಿ ಕಾಗದದ ಮೇಲೆ ಹಿಡಿದು ನೋಡಿ. ಕಪ್ಪಾಗಿ, ತೆಳ್ಳಗೆ ಹರಡಿದರೆ ಅದು ಎಂಜಿನ್ ಎಣ್ಣೆ, ಕ್ರ್ಯಾಂಕ್ ಶಾಫ್ಟಿನ ಹಿಂದಿನ ಸೀಲ್ ಹೋಗಿದೆ. ಕಂದು ಅಥವಾ ಹೊಂಬಣ್ಣವಿದ್ದರೆ ಅದು ಗೇರ್‌ಬಾಕ್ಸಿನದು, ಮುಂದಿನ ಶಾಫ್ಟಿನ ಸೀಲ್ ನೋಡಬೇಕು. ಮಂದವಾಗಿದ್ದು ಗಂಧಕದ ವಾಸನೆ ಇದ್ದರೆ ಅನುಮಾನವೇ ಬೇಡ. ದಿನಕ್ಕೆ ಒಂದೆರಡು ಹನಿಯಾದರೆ ಎಣ್ಣೆಯ ಮಟ್ಟ ನೋಡಿಕೊಳ್ಳುತ್ತ ಮೆಣಸಿನಕಾಯಿಯ ಹಂಗಾಮು ಮುಗಿಸಬಹುದು. ಕ್ಲಚ್ ಜಾರತೊಡಗಿದ ದಿನ ಮಾತ್ರ ಕಾಯದೆ ಬಿಚ್ಚಿಸಿ, ಸೀಲಿನ ಜೊತೆಗೆ ಎಣ್ಣೆ ಕುಡಿದ ಪ್ಲೇಟನ್ನೂ ಬದಲಿಸಿ. ಪೆಟ್ರೋಲಿನಲ್ಲಿ ತೊಳೆದ ಪ್ಲೇಟು ಕಾದಾಗ ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತದೆ.