ದಿನಕ್ಕೆ ಹತ್ತು ಬಾರಿ ಬರುತ್ತಿದ್ದ ಕರೆ: ಒಂದು ಆಪ್ತಸಲಹೆ ಪ್ರಕರಣ

(ಸಂಬಂಧಪಟ್ಟವರ ಒಪ್ಪಿಗೆ ಪಡೆದು ಬರೆದದ್ದು. ಹೆಸರುಗಳನ್ನೂ ಗುರುತು ಹಿಡಿಯಬಹುದಾದ ವಿವರಗಳನ್ನೂ ಬದಲಿಸಲಾಗಿದೆ.)

ಕೋವಿಡ್ ಎರಡನೆಯ ಅಲೆ ತೀವ್ರವಾಗಿದ್ದ 2021ರ ಮೇ ತಿಂಗಳಲ್ಲಿ ಧಾರವಾಡದ ಒಂದು ಸ್ವಯಂಸೇವಾ ಸಂಸ್ಥೆಯವರು ಈ ಪ್ರಕರಣವನ್ನು ನನಗೆ ಒಪ್ಪಿಸಿದರು. ಒಂಟಿಯಾಗಿ ವಾಸಿಸುವ ಹಿರಿಯರಿಗೆ ವಾರಕ್ಕೆ ಎರಡು ಬಾರಿ ಫೋನ್ ಮಾಡಿ ಮಾತನಾಡಿಸುವುದು, ಅಗತ್ಯವಿದ್ದರೆ ಔಷಧಿ ಮತ್ತು ದಿನಸಿಯನ್ನು ಬಾಗಿಲಿಗೆ ತಲುಪಿಸುವುದು ಆ ಸಂಸ್ಥೆಯ ಕೆಲಸವಾಗಿತ್ತು. ಸಹಾಯ ಬೇಕೆಂದು ನನ್ನಲ್ಲಿಗೆ ಮೊದಲು ಬಂದವನು ಕರೆ ಮಾಡುತ್ತಿದ್ದ ಸ್ವಯಂಸೇವಕ, ಇಪ್ಪತ್ತೆರಡು ವರ್ಷದ ಇಂಜಿನಿಯರಿಂಗ್ ವಿದ್ಯಾರ್ಥಿ ಸಂತೋಷ. ತಾನು ವಾರಕ್ಕೆ ಎರಡು ಬಾರಿ ಮಾತನಾಡಿಸಬೇಕಾಗಿದ್ದ ಶಾಂತಮ್ಮನವರು ತಾವೇ ದಿನಕ್ಕೆ ಹತ್ತು ಬಾರಿ ಕರೆ ಮಾಡುತ್ತಾರೆ, ರಾತ್ರಿ ಹನ್ನೊಂದಕ್ಕೂ ಮಾಡುತ್ತಾರೆ, ಫೋನ್ ಎತ್ತಿದರೆ "ಆರಾಮ ಅದಿಯೇನಪಾ, ಊಟಾ ಆತೇನು?" ಎಂದಷ್ಟೇ ಕೇಳಿ ಇಟ್ಟುಬಿಡುತ್ತಾರೆ, ಎತ್ತದಿದ್ದರೆ ಎತ್ತುವವರೆಗೂ ಬಿಡುವುದಿಲ್ಲ ಎಂದು ಆತ ಹೇಳಿದ. ನಂಬರನ್ನು ಬ್ಲಾಕ್ ಮಾಡಲು ಅವನಿಗೆ ಮನಸ್ಸಿರಲಿಲ್ಲ; ಆದರೆ ಮುಂದುವರಿಸುವ ತ್ರಾಣವೂ ಉಳಿದಿರಲಿಲ್ಲ.

ಶಾಂತಮ್ಮನವರಿಗೆ ಅರವತ್ತೇಳು ವರ್ಷ. ಗಂಡ ತೀರಿಕೊಂಡ ಮೇಲೆ ಸಪ್ತಾಪುರದ ಆಸುಪಾಸಿನಲ್ಲಿ ಮನೆಯಲ್ಲೇ ಖಾನಾವಳಿ ನಡೆಸಿದವರು. ಸ್ಪರ್ಧಾತ್ಮಕ ಪರೀಕ್ಷೆಗಳ ತಯಾರಿಗೆಂದು ಬೇರೆ ಬೇರೆ ಜಿಲ್ಲೆಗಳಿಂದ ಬಂದು ರೂಮು ಮಾಡಿಕೊಂಡಿರುವ ಹುಡುಗರೇ ಅವರ ಗಿರಾಕಿಗಳು. ಕೆಲವರು ಅಲ್ಲೇ ಉಣ್ಣುತ್ತಿದ್ದರು, ಉಳಿದವರಿಗೆ ಡಬ್ಬಿ ಹೋಗುತ್ತಿತ್ತು. 2020ರ ಮಾರ್ಚ್‌ನಲ್ಲಿ ಕೋಚಿಂಗ್ ಕೇಂದ್ರಗಳು ಮುಚ್ಚಿ ಹುಡುಗರು ಊರು ಸೇರಿದರು. ನಡುವೆ ಕೆಲವು ತಿಂಗಳು ಕೆಲಸ ಅರ್ಧಂಬರ್ಧ ನಡೆದು, 2021ರ ಏಪ್ರಿಲ್ ಕೊನೆಯ ಲಾಕ್‌ಡೌನ್‌ನಲ್ಲಿ ಮತ್ತೆ ನಿಂತಿತು. ಮಗಳು ಮದುವೆಯಾಗಿ ಮಸ್ಕತ್‌ನಲ್ಲಿದ್ದಾಳೆ. ಸಂಸ್ಥೆಯ ಪಟ್ಟಿಯಲ್ಲಿ ಶಾಂತಮ್ಮನವರು 'ಫಲಾನುಭವಿ'. ಜ್ವರ ಇದೆಯೇ, ಮಾತ್ರೆ ಇವೆಯೇ, ರೇಷನ್ ಇದೆಯೇ ಎಂಬ ಪ್ರಶ್ನೆಗಳಿಗೆಲ್ಲ ಅವರು ಒಂದೇ ನಿಮಿಷದಲ್ಲಿ ಉತ್ತರ ಕೊಟ್ಟು ಮುಗಿಸುತ್ತಿದ್ದರು.

ವಯಸ್ಸಾದವರು ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳತೊಡಗಿದಾಗ ಅದನ್ನು ಒಂಟಿತನದ ಲೆಕ್ಕಕ್ಕೆ ಹಾಕುವ ಮೊದಲು ಮರೆವಿನ ಕಾಯಿಲೆ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಫೋನಿನಲ್ಲೇ ನಡೆದ ಮೊದಲ ಎರಡು ಭೇಟಿಗಳಲ್ಲಿ ನಾನು ಗಮನಿಸಿದ್ದು ಮುಖ್ಯವಾಗಿ ಇದನ್ನು. ಹಿಂದಿನ ಕರೆಯಲ್ಲಿ ಸಂತೋಷ ಏನು ಉಂಡಿದ್ದನೆಂಬುದನ್ನೂ ಅವನ ತಾಯಿಗೆ ಯಾವ ದಿನ ಲಸಿಕೆ ಆಯಿತೆಂಬುದನ್ನೂ ಅವರು ತಪ್ಪಿಲ್ಲದೆ ಹೇಳಿದರು. ನೆನಪು ಗಟ್ಟಿಯಾಗಿತ್ತು. ಹಿರಿಯರ ಖಿನ್ನತೆಯನ್ನು ಅಳೆಯುವ ಹದಿನೈದು ಪ್ರಶ್ನೆಗಳ ಪಟ್ಟಿಯಲ್ಲಿ ಅವರ ಅಂಕ ಎಚ್ಚರದ ಗಡಿಯನ್ನು ಸ್ವಲ್ಪ ದಾಟಿತ್ತು. ಸಾಯಬೇಕೆನ್ನಿಸುತ್ತದೆಯೇ ಎಂದು ನೇರವಾಗಿ ಕೇಳಿದೆ (ಹಾಗೆ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ); ಇಲ್ಲವೆಂದರು. ಆದರೆ ಒಬ್ಬರಿಗಾಗಿ ರೊಟ್ಟಿ ತಟ್ಟಲು ಬೇಸರವಾಗಿ ಎರಡು ದಿನಕ್ಕೊಮ್ಮೆ ಅಡುಗೆ ಮಾಡುವ, ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಮಾತ್ರ ತಪ್ಪದೆ ನುಂಗುವ ಸಂಗತಿ ಆಗ ಹೊರಬಿತ್ತು. ಆ ಮಾತ್ರೆಗಳಲ್ಲಿ ಕೆಲವನ್ನು ಊಟವಿಲ್ಲದೆ ತೆಗೆದುಕೊಂಡರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಆದ್ದರಿಂದ ಮಿಕ್ಕ ಮಾತುಕತೆಗಿಂತ ಮೊದಲು ಅವರ ವೈದ್ಯರೊಂದಿಗೆ ಅದೇ ದಿನ ಫೋನಿನಲ್ಲಿ ಮಾತನಾಡಿಸುವ ಏರ್ಪಾಟು ಮಾಡಿಸಿದೆ.

ಮೂರನೆಯ ಮಾತುಕತೆಯಲ್ಲಿ ವಿಷಯ ತಿಳಿಯಿತು. ಮೂರು ವರ್ಷ ಅವರಲ್ಲಿ ಉಂಡು, ಕೆಲಸ ಸಿಕ್ಕಿ ಬೆಂಗಳೂರಿಗೆ ಹೋಗಿದ್ದ ಒಬ್ಬ ಹುಡುಗ ಏಪ್ರಿಲ್‌ನಲ್ಲಿ ಕೋವಿಡ್‌ನಿಂದ ತೀರಿಕೊಂಡಿದ್ದ. ಇನ್ನೊಬ್ಬ ಹಳೆಯ ಹುಡುಗನ ವಾಟ್ಸಾಪ್ ಸ್ಟೇಟಸ್‌ನಲ್ಲಿ ಅವನ ಫೋಟೋ ನೋಡಿ ಶಾಂತಮ್ಮನವರಿಗೆ ಗೊತ್ತಾಗಿತ್ತು. ಅದಕ್ಕೆ ಎರಡು ದಿನ ಮೊದಲು ಅವನಿಗೆ ಫೋನ್ ಮಾಡಿದ್ದರು, ಅವನು ಎತ್ತಿರಲಿಲ್ಲ. "ಯಾರರೆ ಫೋನ್ ಎತ್ತಲಿಲ್ಲಂದ್ರ ಎದಿ ಧಸಕ್ ಅಂತೈತ್ರಿ," ಎಂದರು. ಈ ಸಾವನ್ನು ಯಾರ ಬಳಿಯಾದರೂ ಹೇಳಿಕೊಂಡಿದ್ದೀರಾ ಎಂದು ಕೇಳಿದ್ದಕ್ಕೆ, "ಯಾರಿಗೇನಂತ ಹೇಳಲ್ರಿ? ನಾ ಅವನಿಗೆ ಏನೂ ಅಲ್ಲ. ಮೂರ ವರ್ಷ ರೊಟ್ಟಿ ಹಾಕೀನಿ ಅಷ್ಟ," ಎಂದು ಸುಮ್ಮನಾದರು.

ಸಮಾಜ ದುಃಖವೆಂದು ಒಪ್ಪದ ದುಃಖವೊಂದಿದೆ ಎಂಬುದನ್ನು ಶೋಕದ ಬಗ್ಗೆ ಅಧ್ಯಯನ ಮಾಡಿದ ಅಮೆರಿಕದ ವಿದ್ವಾಂಸ ಕೆನೆತ್ ಡೋಕಾ 1980ರ ದಶಕದಲ್ಲೇ ವಿವರಿಸಿದ್ದರು. ರಕ್ತಸಂಬಂಧವಿಲ್ಲದವರಿಗೆ ಸೂತಕವಿಲ್ಲ, ಸಾಂತ್ವನ ಹೇಳಲು ಬರುವವರಿಲ್ಲ, ಅಳಲು ಹಕ್ಕೂ ಇಲ್ಲವೆಂದು ಅವರಿಗೇ ಅನ್ನಿಸುತ್ತದೆ. ಆ ದಿನಗಳಲ್ಲಿ ಅಂತ್ಯಕ್ರಿಯೆಗೆ ಸ್ವಂತದವರೇ ಹೋಗಲಾಗುತ್ತಿರಲಿಲ್ಲವಾದ್ದರಿಂದ ಖಾನಾವಳಿಯ ಅಕ್ಕನ ದುಃಖವನ್ನು ಯಾರೂ ನೆನೆಯದಿದ್ದುದರಲ್ಲಿ ಆಶ್ಚರ್ಯವಿಲ್ಲ, ಆದರೂ ಅದು ನನ್ನನ್ನು ಬಹಳ ಕಲಕಿತು. ಸಂಸ್ಥೆ ಅವರಲ್ಲಿ ಒಂಟಿಯಾದ, ನೆರವು ಬೇಕಾದ ವೃದ್ಧೆಯನ್ನು ಕಂಡಿತ್ತು. ಅವರು ವಾಸ್ತವದಲ್ಲಿ ಶೋಕದಲ್ಲಿದ್ದವರು, ಮತ್ತು ಇನ್ನೊಬ್ಬರ ಯೋಗಕ್ಷೇಮ ನೋಡಿಕೊಳ್ಳುವ ತಮ್ಮ ಸ್ಥಾನವನ್ನು ಕಳೆದುಕೊಂಡವರು. ಸಂತೋಷನಿಗೆ ಬರುತ್ತಿದ್ದ ಆ ಹತ್ತು ಕರೆಗಳು ಅವನು ಬದುಕಿದ್ದಾನೆಂದು ಖಾತ್ರಿ ಮಾಡಿಕೊಳ್ಳುವ ಕರೆಗಳಾಗಿದ್ದವು.

ಸಂತೋಷನಿಗೆ ಇದನ್ನು ಅವರ ಒಪ್ಪಿಗೆಯೊಂದಿಗೆ ತಿಳಿಸಿದಾಗ ಅವನ ಸಿಟ್ಟು ಇಳಿಯಿತು, ಬದಲಿಗೆ ಇಡೀ ದಿನ ಫೋನ್ ಎತ್ತುತ್ತೇನೆಂದು ಹೊರಟ. ಅದು ಬೇಡವೆಂದೆ. ಭಯಕ್ಕೆ ಸಮಾಧಾನ ಕೊಡುವುದು ಎಷ್ಟು ಬಾರಿ ಮಾತನಾಡಿದೆವು ಎಂಬುದಲ್ಲ, ಮುಂದಿನ ಕರೆ ಯಾವಾಗ ಎಂಬುದು ಖಚಿತವಾಗಿ ಗೊತ್ತಿರುವುದು. ಪ್ರತಿದಿನ ಸಂಜೆ ಆರಕ್ಕೆ ಅವನೇ ಐದು ನಿಮಿಷದ ಕರೆ ಮಾಡಬೇಕು. ಆಗದಿದ್ದರೆ ಬೆಳಿಗ್ಗೆಯೇ ಸಂದೇಶ ಕಳಿಸಬೇಕು. ರಾತ್ರಿ ಒಂಬತ್ತರ ನಂತರ ಫೋನ್ ಎತ್ತುವುದಿಲ್ಲವೆಂದು ಅವನ ಬಾಯಿಂದಲೇ ಹೇಳಬೇಕು. ರಾತ್ರಿ ಎದೆ ಹೊಡೆದುಕೊಂಡರೆ ಕರೆ ಮಾಡಲು ನಿಮ್ಹಾನ್ಸ್ ಸಹಾಯವಾಣಿ 080-46110007 ಮತ್ತು ಆಂಬುಲೆನ್ಸ್‌ಗಾಗಿ 108, ಈ ಎರಡನ್ನೂ ದೊಡ್ಡ ಅಂಕಿಗಳಲ್ಲಿ ಬರೆದು ಗೋಡೆಗೆ ಅಂಟಿಸಿಕೊಳ್ಳುವಂತೆ ಶಾಂತಮ್ಮನವರಿಗೆ ತಿಳಿಸಿದೆ. ಮೊದಲ ವಾರ ಮಿತಿ ಮೀರಿದ ಕರೆಗಳು ಬಂದವು, ನಂತರ ಕಡಿಮೆಯಾದವು.

ಶೋಕದ ಮಟ್ಟಿಗೆ, ಆ ಹುಡುಗನ ತಾಯಿಯೊಡನೆ ಮಾತನಾಡಬಹುದೇ ಎಂಬ ಸಲಹೆಯನ್ನು ಅವರು ಬಹಳ ದಿನ ಮುಂದೂಡಿದರು. ಕೊನೆಗೆ ಮಾತನಾಡಿದರು, ಮಗ ಧಾರವಾಡದ ಊಟದ ಬಗ್ಗೆ ಹೇಳುತ್ತಿದ್ದನೆಂದು ಆ ತಾಯಿ ನೆನೆದಳಂತೆ, ಇಬ್ಬರೂ ಅತ್ತರಂತೆ. ಹಳೆಯ ಹುಡುಗರನ್ನೆಲ್ಲ ಒಂದೇ ಕಾನ್ಫರೆನ್ಸ್ ಕರೆಯಲ್ಲಿ ಸೇರಿಸುವ ನನ್ನ ಇನ್ನೊಂದು ಸಲಹೆಯನ್ನು ಅವರು ಒಪ್ಪಲಿಲ್ಲ, ನಾನೂ ಒತ್ತಾಯಿಸಲಿಲ್ಲ.

ಮನೆಯಲ್ಲೇ ಪ್ರತ್ಯೇಕವಾಗಿದ್ದ ಸೋಂಕಿತರಿಗೆ ಊಟ ತಲುಪಿಸಲು ಅದೇ ಸಂಸ್ಥೆ ಅಡುಗೆಯವರನ್ನು ಹುಡುಕುತ್ತಿದ್ದುದು ತಿಳಿದಾಗ, ವಾರಕ್ಕೆ ಎರಡು ದಿನ ನಾಲ್ಕೇ ನಾಲ್ಕು ಡಬ್ಬಿಗಳಿಂದ ಆರಂಭಿಸಿ ನೋಡಿ ಎಂದೆ. ಇಲ್ಲಿ ಎಚ್ಚರ ಬೇಕಿತ್ತು. ಅವರಿಗೆ ಸಕ್ಕರೆ ಕಾಯಿಲೆ ಇತ್ತು, ಲಸಿಕೆಯ ಒಂದು ಡೋಸ್ ಮಾತ್ರ ಆಗಿತ್ತು. ಮೇ 13ರಂದು ಕೋವಿಶೀಲ್ಡ್ ಡೋಸ್‌ಗಳ ಅಂತರವನ್ನು 6–8 ವಾರಗಳಿಂದ 12–16 ವಾರಗಳಿಗೆ ಹೆಚ್ಚಿಸಿದ್ದರಿಂದ ಎರಡನೆಯದು ಮುಂದೆ ಹೋಗಿತ್ತು. ಹೀಗಾಗಿ ಡಬ್ಬಿಗಳನ್ನು ಗೇಟಿನ ಹೊರಗೆ ಇಟ್ಟು ಒಳಗೆ ಬರುವುದು, ಸೋಂಕಿತರ ಮನೆಯ ಡಬ್ಬಿ ಮರಳಿ ಬರದಂತೆ ಬಳಸಿ ಎಸೆಯುವ ಪೊಟ್ಟಣದಲ್ಲಿ ಕಳಿಸುವುದು, ದಿನಸಿಯ ಖರ್ಚಿನ ಜೊತೆಗೆ ದುಡಿಮೆಗೂ ಸಂಸ್ಥೆ ಹಣ ಕೊಡುವುದು, ಈ ಷರತ್ತುಗಳನ್ನು ಹಾಕಿದೆ. ಒಂಟಿತನ ನೀಗಿಸುವ ಹೆಸರಿನಲ್ಲಿ ಬಡ ಹೆಂಗಸೊಬ್ಬರನ್ನು ಬಿಟ್ಟಿ ದುಡಿಸಿಕೊಳ್ಳುವುದು ನನಗೆ ಒಪ್ಪಿಗೆಯಾಗದು. ಡಬ್ಬಿ ಕಟ್ಟಿದ ದಿನಗಳಲ್ಲಿ ಅವರೂ ಹೊತ್ತಿಗೆ ಸರಿಯಾಗಿ ಉಂಡರು.

ಜುಲೈ ಹೊತ್ತಿಗೆ ಖಿನ್ನತೆಯ ಅಂಕ ಗಡಿಯೊಳಗೆ ಬಂದಿತ್ತು. ನಿದ್ದೆ ಮಾತ್ರ ಸರಿಹೋಗಿರಲಿಲ್ಲವಾದ್ದರಿಂದ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಕಳಿಸಿದೆ. ಮಗಳೊಂದಿಗಿನ ಮಾತು ಹಿಂದಿನಂತೆಯೇ ಚುಟುಕಾಗಿದೆ. ಅದನ್ನು ಈಗ ಮುಟ್ಟುವುದು ಬೇಡವೆಂದು ಅವರೇ ಹೇಳಿದರು.

ಸಂಸ್ಥೆಗೆ ನಾನು ಲಿಖಿತವಾಗಿ ಕೊಟ್ಟ ಸಲಹೆಗಳು ಎರಡು. ಸ್ವಯಂಸೇವಕರ ಪ್ರಶ್ನಾವಳಿಯಲ್ಲಿ "ಈಚೆಗೆ ಪರಿಚಯದವರು ಯಾರಾದರೂ ತೀರಿಕೊಂಡರೇ?" ಎಂಬುದನ್ನೂ, "ನೀವು ಬೇರೆಯವರಿಗಾಗಿ ಯಾವ ಕೆಲಸ ಮಾಡುತ್ತಿದ್ದಿರಿ?" ಎಂಬುದನ್ನೂ ಸೇರಿಸಬೇಕು. ಎರಡನೆಯದು, ಕಾಲೇಜು ತೆರೆದು ಸಂತೋಷನಂಥವರು ಹೊರಡುವಾಗ ಕರೆಗಳು ಥಟ್ಟನೆ ನಿಲ್ಲಬಾರದು. ಕನಿಷ್ಠ ಮೂರು ವಾರ ಮೊದಲು ಕೊನೆಯ ದಿನಾಂಕವನ್ನು ಹಿರಿಯರಿಗೆ ತಿಳಿಸಿ, ಮುಂದೆ ಕರೆ ಮಾಡುವವರನ್ನು ಅದೇ ಸಂಜೆಯ ಕರೆಯಲ್ಲಿ ಜೊತೆಗೆ ಕೂರಿಸಿಕೊಂಡು ಪರಿಚಯಿಸಬೇಕು. ಮೊದಲನೆಯದನ್ನು ಅವರು ಆ ತಿಂಗಳಿಂದಲೇ ಜಾರಿಗೆ ತಂದರು. ಎರಡನೆಯದಕ್ಕೆ ಸಾಕಷ್ಟು ಸ್ವಯಂಸೇವಕರು ಇನ್ನೂ ಸಿಗಬೇಕಿದೆ.