ಸ್ಯಾನ್ ಸ್ಟಾರ್ಮ್ ತಗೊಂಡಿದ್ದೀರಿ, ಮೊದಲು ಬ್ರೇಕ್ ಆಯಿಲ್ ಬದಲಿಸಿ

ಮಡಿಕೇರಿಯಲ್ಲಿ ಹಳೇ ಸ್ಯಾನ್ ಸ್ಟಾರ್ಮ್, ಅಂದರೆ ಫೈಬರ್ ಬಾಡಿಯ ಎರಡು ಸೀಟಿನ ಪುಟ್ಟ ಕಾರು, ತಗೊಂಡಿದ್ದೀರಿ. ಸೈಲೆನ್ಸರ್ ಬದಲಿಗೆ ಹಾಕುವ ಫ್ರೀ ಫ್ಲೋ ಎಕ್ಸಾಸ್ಟ್, ಇಂಜಿನ್ನಿಗೆ ಗಾಳಿ ಎಳೆಯುವ ಓಪನ್ ಫಿಲ್ಟರ್, ಗಾಡಿ ತಗ್ಗಿಸುವ ಸ್ಪ್ರಿಂಗ್, ಮೂರರಲ್ಲಿ ಯಾವುದು ಮೊದಲು ಅಂತ ಕೇಳಿದ್ದೀರಿ. ಮೂರೂ ಬೇಡ. ನನ್ನ ಹತ್ತಿರ ಇದ್ದದ್ದೂ ಅದೇ ಗಾಡಿ, ಪಟ್ಟಿಯೂ ಹೆಚ್ಚುಕಮ್ಮಿ ಅದೇ. ನಾನು ಎಕ್ಸಾಸ್ಟ್‌ನಿಂದ ಶುರು ಮಾಡಿದೆ. ಆಮೇಲೆ ಮುಂದಿನ ಬ್ರೇಕ್ ಪ್ಯಾಡ್, ಡಿಸ್ಕ್ ಹೊಸದು ಹಾಕಿಸಿದೆ. ಪೆಡಲ್ ತುಳಿದ ಬಲವನ್ನು ಚಕ್ರಕ್ಕೆ ಮುಟ್ಟಿಸುವ ಬ್ರೇಕ್ ಆಯಿಲ್ ಮಾತ್ರ ಮುಟ್ಟಲಿಲ್ಲ. ಆಯಿಲ್ ಡಬ್ಬಿಯಲ್ಲಿ ಮ್ಯಾಕ್ಸ್ ಗೆರೆ ತನಕ ಇತ್ತು. ತುಂಬಿದೆಯಲ್ಲ, ಇನ್ನೇನು ಅಂದುಕೊಂಡೆ.

ಮಳೆಗಾಲವೆಲ್ಲ ಗಾಡಿ ತೋಟದ ಶೆಡ್ಡಿನಲ್ಲಿ ನಿಂತಿತ್ತು. ಕಕ್ಕಡ ತಿಂಗಳ ಜಡಿಮಳೆಯಲ್ಲಿ ಬೀರುವಿನಲ್ಲಿಟ್ಟ ಬೆಲ್ಟಿಗೂ ಬೂಷ್ಟು ಹಿಡಿಯುತ್ತದೆ, ನಿಮಗೆ ಹೇಳಬೇಕಾಗಿಲ್ಲ. ಬಿಸಿಲು ಬಂದ ಮೇಲೆ ಸುಳ್ಯಕ್ಕೆ ಹೊರಟೆ. ಮದೆನಾಡು ದಾಟಿದ ಮೇಲೆ ತಿರುವಿನ ತನಕ ಜೋರಾಗಿ ಬಿಡುವುದು, ತಿರುವಿನಲ್ಲಿ ಬ್ರೇಕ್ ತುಳಿಯುವುದು, ಹೀಗೇ ಇಳಿದೆ. ಜೋಡುಪಾಲ ಕಳೆದು ಒಂದು ತಿರುವಿನಲ್ಲಿ ಪೆಡಲ್ ಸೀದಾ ನೆಲ ಮುಟ್ಟಿತು. ಗೇರ್ ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಗುಡ್ಡದ ಬದಿಯ ಮಣ್ಣಿಗೆ ಉಜ್ಜಿಸಿ ನಿಲ್ಲಿಸಿದೆ. ಮುಂದಿನ ಚಕ್ರದ ಮೇಲಿನ ಫೈಬರ್ ಸೀಳಿಹೋಯಿತು. ಸ್ವಲ್ಪ ಹೊತ್ತು ಬಿಟ್ಟು ತುಳಿದರೆ ಪೆಡಲ್ ಮತ್ತೆ ಗಟ್ಟಿ. ಮಾರನೇ ದಿನ ಗ್ಯಾರೇಜಿನವರೂ ನೋಡಿ ಬ್ರೇಕ್ ಸರಿಯಾಗೇ ಇದೆ ಎಂದರು.

ಸರಿ ಇರಲಿಲ್ಲ. ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕುದಿಯಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕು. ಶೇಕಡಾ 3.7ರಷ್ಟು ನೀರು ಸೇರಿದರೆ 155ರ ಹತ್ತಿರಕ್ಕೇ ಕುದಿಯಬಹುದು. ಘಾಟಿ ಇಳಿಯುವಾಗ ಪ್ಯಾಡಿನ ಬಿಸಿ, ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಒಳಗಿನ ಆಯಿಲಿಗೆ ಹೋಗುತ್ತದೆ, ಆವಿಯ ಗುಳ್ಳೆ ಏಳುತ್ತದೆ. ಆಯಿಲ್ ಒತ್ತಿದರೆ ಕುಗ್ಗುವುದಿಲ್ಲ, ಗುಳ್ಳೆ ಕುಗ್ಗುತ್ತದೆ. ನೀವು ತುಳಿದದ್ದೆಲ್ಲ ಗುಳ್ಳೆ ಕುಗ್ಗಿಸುವುದಕ್ಕೇ ಖರ್ಚಾಗುತ್ತದೆ, ಚಕ್ರಕ್ಕೆ ಮುಟ್ಟುವುದಿಲ್ಲ. ತಣ್ಣಗಾದರೆ ಗುಳ್ಳೆ ಮಾಯ. ಇನ್ನು ಆ ಮ್ಯಾಕ್ಸ್ ಗೆರೆ. ದಪ್ಪದ ಹೊಸ ಪ್ಯಾಡ್ ಕೂರಿಸಲು ಕ್ಯಾಲಿಪರ್‌ನ ಪಿಸ್ಟನ್ ಹಿಂದಕ್ಕೆ ಒತ್ತುತ್ತಾರೆ, ಆಗ ಅದೇ ಹಳೇ ಆಯಿಲ್ ಡಬ್ಬಿಗೆ ವಾಪಸ್ ಬಂದು ಮಟ್ಟ ಏರುತ್ತದೆ. ನಾನು ನಂಬಿದ್ದು ಆ ಮಟ್ಟವನ್ನು.

ಮನೆಯಲ್ಲೇ ಬದಲಿಸಬಹುದು, ಒಬ್ಬರು ಜೊತೆಗಿರಬೇಕು ಅಷ್ಟೇ. ಚಕ್ರದ ಬ್ರೇಕಿನಲ್ಲಿ ಏರ್ ತೆಗೆಯುವ ನಿಪ್ಪಲ್‌ಗಳು ನಮ್ಮ ಹವೆಗೆ ತುಕ್ಕು ಹಿಡಿದಿರುತ್ತವೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ, ರಿಂಗ್ ಸ್ಪ್ಯಾನರ್ ಹಾಕಿ. ಕಟಿಂಗ್ ಪ್ಲೇಯರ್ ಹಾಕಿದರೆ ತಲೆ ಮುರಿಯುತ್ತದೆ. ಪೆಡಲಿಗೆ ಸೇರಿದ ಮಾಸ್ಟರ್ ಸಿಲಿಂಡರಿಗೆ ದೂರದ ಚಕ್ರದಿಂದ ಶುರು ಮಾಡಿ ಹತ್ತಿರದ್ದಕ್ಕೆ ಬನ್ನಿ. ಮ್ಯಾನುಯಲ್ ಸಿಕ್ಕಿ ಬೇರೆ ಕ್ರಮ ಹೇಳಿದರೆ ಅದೇ ಸರಿ. ನಿಪ್ಪಲ್‌ಗೆ ಪಾರದರ್ಶಕ ಟ್ಯೂಬ್ ಸಿಕ್ಕಿಸಿ, ಟ್ಯೂಬಿನ ಇನ್ನೊಂದು ತುದಿ ಬಾಟಲಿಯಲ್ಲಿರುವ ಆಯಿಲಿನಲ್ಲಿ ಮುಳುಗಿರಲಿ. ಜೊತೆಗಿರುವವರು ಪೆಡಲ್ ತುಳಿದು ಹಿಡಿಯಬೇಕು, ನೀವು ನಿಪ್ಪಲ್ ತೆರೆದು ಮುಚ್ಚಬೇಕು, ಆಮೇಲೇ ಅವರು ಕಾಲು ಎತ್ತಬೇಕು. ಟೀ ಡಿಕಾಕ್ಷನ್ ಬಣ್ಣ ಹೋಗಿ ತಿಳಿ ಹಳದಿ ಬರುವ ತನಕ ಬಿಡಬೇಡಿ. ನಡುವೆ ಮೇಲಿನ ಡಬ್ಬಿ ಖಾಲಿಯಾದರೆ ಗಾಳಿ ಸೇರುತ್ತದೆ, ಮೊದಲಿಂದ ಮಾಡಬೇಕು. ಬಣ್ಣದ ಮೇಲೆ ಚೆಲ್ಲಿದರೆ ಕೂಡಲೇ ನೀರು ಹಾಕಿ ತೊಳೆಯಿರಿ. ಒಮ್ಮೆ ತೆರೆದ ಬಾಟಲಿ ಎತ್ತಿಡಬೇಡಿ. ಡಾಟ್ 5 ಸಿಲಿಕೋನ್ ಆಯಿಲನ್ನು ಡಾಟ್ 4ರ ಜೊತೆ ಬೆರೆಸಲೇಬಾರದು. ರಬ್ಬರ್ ಹೋಸ್ ಬಗ್ಗಿಸಿ ನೋಡಿ, ಬಿರುಕು ಕಂಡರೆ ಬದಲಿಸಿ. ಇಷ್ಟನ್ನು ಎರಡು ವರ್ಷಕ್ಕೊಮ್ಮೆ ಅನ್ನುತ್ತಾರೆ. ಕೊಡಗಿನಲ್ಲಿ ಪ್ರತಿ ವರ್ಷ ಮಳೆ ನಿಂತ ಮೇಲೆ ಮಾಡಿ, ಜಾಸ್ತಿ ಖರ್ಚಿಲ್ಲ.

ನಿಮ್ಮದರಲ್ಲೂ ಫೈಬರ್ ಬಿರುಕು ಇದ್ದೇ ಇರುತ್ತದೆ. ಪುಟ್ಟಿ ಮೆತ್ತಿಸಬೇಡಿ. ಒಳಗಡೆಯಿಂದ 80 ನಂಬರ್ ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ, ಫೈಬರ್ ಮ್ಯಾಟ್ ಮತ್ತು ರೆಸಿನ್ ಹಾಕಿ. ಮಾಸ್ಕ್ ಇಲ್ಲದೆ ಉಜ್ಜಬಾರದು. ಮ್ಯಾಟ್ ಚೂರು ತೇವ ಇದ್ದರೂ ರೆಸಿನ್ ಸರಿಯಾಗಿ ಹಿಡಿಯುವುದಿಲ್ಲ. ಹಾಗಾಗಿ ಈ ಕೆಲಸ ಹುತ್ತರಿ, ಅಂದರೆ ನಮ್ಮ ಸುಗ್ಗಿ ಹಬ್ಬ, ಕಳೆದ ಮೇಲೆಯೇ.

ಇನ್ನು ನಿಮ್ಮ ಪಟ್ಟಿ. ಇದು 1149 ಸಿಸಿಯ ರೆನೋ ಇಂಜಿನ್, ಸುಮಾರು 60 ಎಚ್‌ಪಿ. ಎಕ್ಸಾಸ್ಟ್ ಹಾಕಿದರೆ ಸದ್ದು ಬರುತ್ತದೆ, ಓಟ ಬರುವುದಿಲ್ಲ. ಓಪನ್ ಫಿಲ್ಟರ್ ಬಾನೆಟ್ ಒಳಗಿನ ಬಿಸಿ ಗಾಳಿಯನ್ನೇ ಎಳೆಯುತ್ತದೆ. ಸ್ಪ್ರಿಂಗ್ ಅಂತೂ ಬೇಡವೇ ಬೇಡ, ನಮ್ಮ ಹಂಪುಗಳಿಗೆ ಈಗಿರುವ ಎತ್ತರವೇ ಸಾಲದು. ಈ ಗಾಡಿಯ ಸುಖ ಇರುವುದು ಕಡಿಮೆ ತೂಕದಲ್ಲಿ. ಒಳ್ಳೇ ಟೈರ್ ಹಾಕಿಸಿ, ಘಾಟಿಯಲ್ಲಿ ಎರಡನೇ ಗೇರಿನಲ್ಲಿ ಇಳಿಸಿ, ಆಗ ಗೊತ್ತಾಗುತ್ತದೆ.

ಇಷ್ಟಾದ ಮೇಲೂ ಎಕ್ಸಾಸ್ಟ್ ಬೇಕು ಅನ್ನಿಸಿದರೆ ಹಳೇ ಸೈಲೆನ್ಸರ್ ಗುಜರಿಗೆ ಕೊಡಬೇಡಿ. 15 ವರ್ಷ ದಾಟಿದ ಗಾಡಿ, ಐದು ವರ್ಷಕ್ಕೊಮ್ಮೆ ಆರ್‌ಟಿಒ ಮುಂದೆ ನಿಲ್ಲಿಸಿ ಆರ್‌ಸಿ ನವೀಕರಿಸಬೇಕಲ್ವಾ, ಆವತ್ತು ಅದೇ ಸೈಲೆನ್ಸರ್ ಬೇಕಾಗುತ್ತದೆ.